ಕೈಗೆ ಮೊದಲು ಪ್ರಶ್ನೆ, ಹೆಸರು ಆಮೇಲೆ



ಪ್ರೌಢಶಾಲೆಯೊಂದರಲ್ಲಿ ಜೀವಮಾನವಿಡೀ ಚಿತ್ರಕಲೆ ಕಲಿಸಿದ ಮೇಷ್ಟ್ರೊಬ್ಬರ ನೆನಪಿಗಾಗಿ ಇಟ್ಟಿರುವ ದತ್ತಿಯ ಉಪನ್ಯಾಸ ಇದು. ಸಾಹಿತಿಗಳ, ದಾನಿಗಳ, ಸ್ವಾಮಿಗಳ ಹೆಸರಿನ ದತ್ತಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಡ್ರಾಯಿಂಗ್ ಮೇಷ್ಟ್ರ ಹೆಸರಿನದು ಅಪರೂಪ. ಇಲ್ಲಿ ನಿಂತು ಮಾತಾಡುವುದನ್ನು ದೊಡ್ಡ ಗೌರವವೆಂದು ಭಾವಿಸುತ್ತೇನೆ. ಶಿಲ್ಪ ಮಾಡುವುದು ನನ್ನ ಕಸುಬು. ಶಾಲೆಗಳಿಗೆ ಹೋಗಿ ಮಕ್ಕಳಿಂದ ಶಿಲ್ಪ ಮಾಡಿಸುವುದೂ ಅಷ್ಟೇ ಮುಖ್ಯವಾದ ಕೆಲಸವೆಂದು ನಂಬಿದವನು ನಾನು. ಇವತ್ತಿನ ಮಾತು ಆ ಎರಡನೆಯ ಕೆಲಸದ ಬಗ್ಗೆ. ಕ್ಯೂಬಿಸಂ, ಕನ್‌ಸ್ಟ್ರಕ್ಟಿವಿಸಂ, ಸರ್ರಿಯಲಿಸಂ ಮುಂತಾದ ಕಲಾಪಂಥಗಳನ್ನು ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಕಲಿಸಲು ಸಾಧ್ಯವೇ ಎಂದು ಅನೇಕರು ಕೇಳುತ್ತಾರೆ. ಸಾಧ್ಯ. ರಟ್ಟು, ಸಾಬೂನು, ತಂತಿ, ಮಣ್ಣು ಕೈಗೆ ಕೊಟ್ಟು ಕಲಿಸಿದರೆ, ಪುಸ್ತಕ ಓದಿ ಪರೀಕ್ಷೆ ಬರೆದವರಿಗಿಂತ ಗಟ್ಟಿಯಾಗಿ ಅವರಿಗೆ ತಿಳಿಯುತ್ತದೆ.

ಈಗ ಉತ್ಸಾಹಿ ಶಾಲೆಗಳಲ್ಲಿ ನಡೆಯುತ್ತಿರುವುದನ್ನು ನೋಡಿ. ಶಿಕ್ಷಕರು ಪಿಕಾಸೊ ಬರೆದ ಮುಖವೊಂದನ್ನು ಪರದೆಯ ಮೇಲೆ ತೋರಿಸುತ್ತಾರೆ. ಒಂದು ಕಣ್ಣು ಮೇಲೆ, ಒಂದು ಕೆಳಗೆ, ಮೂಗು ಪಕ್ಕಕ್ಕೆ. ತರಗತಿಯ ಮಕ್ಕಳೆಲ್ಲ ಅಂಥದೇ ಮುಖ ಬರೆದು ಬಣ್ಣ ತುಂಬುತ್ತಾರೆ. ಗೋಡೆಗೆ ಅಂಟಿಸಿ ಮೇಲೆ 'ಕ್ಯೂಬಿಸಂ' ಎಂದು ಬರೆದರೆ ಪಾಠ ಮುಗಿಯಿತು. ಹಿಂದೆ ಬೋರ್ಡಿನ ಮೇಲಿನ ಹೂಜಿಯನ್ನು ಮಕ್ಕಳು ನೋಡಿ ಬರೆಯುತ್ತಿದ್ದರು, ಈಗ ಹೂಜಿಯ ಜಾಗಕ್ಕೆ ಪಿಕಾಸೊ ಬಂದಿದ್ದಾನೆ. ಮಗು ಕಲಿತದ್ದು ಎರಡರಲ್ಲೂ ಒಂದೇ: ಯಾರೋ ಮಾಡಿ ಮುಗಿಸಿದ್ದನ್ನು ಮತ್ತೆ ಮಾಡುವುದು.

ಕಲಾಪಂಥವೆಂದರೆ ಒಂದು ಬಗೆಯ ನೋಟ, ಒಂದು ಶೈಲಿ ಎಂದು ತಿಳಿದಿರುವುದರಿಂದ ಹೀಗಾಗುತ್ತದೆ. ಯಾವುದೇ ಪಂಥದ ಬುಡಕ್ಕೆ ಹೋದರೂ ಅಲ್ಲಿ ಒಬ್ಬ ಕಲಾವಿದ, ಅವನ ಕೈಯಲ್ಲೊಂದು ವಸ್ತು, ಆ ವಸ್ತು ಎತ್ತಿದ ಒಂದು ತೊಡಕು ಸಿಗುತ್ತದೆ. ಕಲ್ಲನ್ನು ಕಡಿಯುವುದೋ, ಮಣ್ಣನ್ನು ಕೂಡಿಸುವುದೋ? ಶಿಲ್ಪ ಗಟ್ಟಿಯಾಗಿಯೇ ಇರಬೇಕೋ, ಒಳಗೆ ಗಾಳಿ ಆಡಬಹುದೋ? ನಿಂತೇ ಇರಬೇಕೋ, ಚಲಿಸಬಹುದೋ? ನಾನೇ ಮಾಡಬೇಕೋ, ಬಿದ್ದಿರುವುದನ್ನು ಎತ್ತಿಕೊಂಡರೆ ಸಾಕೋ? ಇಪ್ಪತ್ತನೆಯ ಶತಮಾನದ ಕಲೆ ದಿಕ್ಕು ಬದಲಿಸಿದ್ದು ಇಂಥ ಪ್ರಶ್ನೆಗಳ ಬಳಿ. ಮಗುವಿಗೆ ಕೊಡಬೇಕಾದದ್ದು ಈ ಪ್ರಶ್ನೆಯನ್ನೇ. ಅದು ತನ್ನ ಕೈಯಿಂದ ಒಂದು ಉತ್ತರ ಕಂಡುಕೊಂಡ ಮೇಲೆ, 'ನೂರು ವರ್ಷದ ಹಿಂದೆ ಒಬ್ಬರು ಇದೇ ಪ್ರಶ್ನೆಗೆ ಹೀಗೆ ಉತ್ತರ ಕೊಟ್ಟರು, ನೋಡು' ಎಂದು ಚಿತ್ರ ತೋರಿಸಬೇಕು. ಪಂಥದ ಹೆಸರು ಕಟ್ಟಕಡೆಗೆ ಬರಲಿ.

ಇದು ನಾನು ಕಂಡುಹಿಡಿದ ದಾರಿಯಲ್ಲ. ಜರ್ಮನಿಯ ಬೌಹೌಸ್ ಶಾಲೆಯಲ್ಲಿ 1920ರ ದಶಕದಲ್ಲಿ ಯೋಸೆಫ್ ಆಲ್ಬರ್ಸ್ ಆರಂಭದ ತರಗತಿಗೆ ಪಾಠ ಮಾಡುತ್ತಿದ್ದರು. ಅವರ ಶಿಷ್ಯ ಹಾನೆಸ್ ಬೆಕ್‌ಮನ್ ನೆನಪಿಸಿಕೊಂಡಿರುವ ಪ್ರಸಂಗವೊಂದಿದೆ. ಆಲ್ಬರ್ಸ್ ಒಂದು ಕಟ್ಟು ಪತ್ರಿಕೆ ತಂದು ಹಂಚಿ, ಇದರಿಂದ ಏನಾದರೂ ಮಾಡಿ, ಕಾಗದವನ್ನು ವ್ಯರ್ಥ ಮಾಡಬೇಡಿ, ಕಾಗದಕ್ಕೆ ಇರುವ ಗುಣವನ್ನು ಬಳಸಿ ಎಂದು ಹೇಳಿ ಹೊರಟುಹೋದರು. ಹಿಂತಿರುಗಿ ಬಂದಾಗ ಕೋಟೆ, ವಿಮಾನ, ಪ್ರಾಣಿ, ಎಲ್ಲ ತಯಾರಾಗಿದ್ದವು. ಕೋಟೆಯನ್ನು ಕಲ್ಲಿನಲ್ಲಿ, ವಿಮಾನವನ್ನು ಲೋಹದಲ್ಲಿ ಮಾಡಬಹುದಿತ್ತಲ್ಲ ಎಂದು ಅವರು ಆಕ್ಷೇಪಿಸಿದರು. ಒಬ್ಬ ಯುವಕ ಮಾತ್ರ ಹಾಳೆಯನ್ನು ಉದ್ದಕ್ಕೆ ಮಡಿಚಿ ನಿಲ್ಲಿಸಿದ್ದ, ಅಷ್ಟೇ. ಮೆತ್ತನೆಯ ಕಾಗದ ಒಂದೇ ಮಡಿಕೆಯಿಂದ ತನ್ನ ಕಾಲ ಮೇಲೆ ತಾನು ನಿಂತಿತ್ತು. ಆಲ್ಬರ್ಸ್ ಮೆಚ್ಚಿದ್ದು ಅದನ್ನು. ಹಳೆಯ ಪತ್ರಿಕೆ ಎಲ್ಲ ಶಾಲೆಯಲ್ಲೂ ಇರುತ್ತದೆ. ಐದನೆಯ ತರಗತಿಯ ಮಕ್ಕಳಿಗೆ ಈ ಅಭ್ಯಾಸ ಕೊಟ್ಟು ನೋಡಿ. ಮೊದಲು ದೋಣಿ, ರಾಕೆಟ್ಟು ಬರುತ್ತವೆ. ಬರಲಿ. ಎರಡನೆಯ ಹಾಳೆ ಕೊಟ್ಟು, ಕತ್ತರಿ ಇಲ್ಲ, ಅಂಟು ಇಲ್ಲ, ಮೇಜಿನ ಮೇಲೆ ತಾನೇ ನಿಲ್ಲಬೇಕು ಎನ್ನಿ. ತರಗತಿ ಮೌನವಾಗುತ್ತದೆ, ಕೈಗಳು ಯೋಚಿಸಲು ತೊಡಗುತ್ತವೆ.

ನಮ್ಮ ಮಕ್ಕಳಿಗೆ ಶಿಲ್ಪ ಹೊಸದೇನೂ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಮನೆಮನೆಯಲ್ಲೂ ಮಣ್ಣಿನ ಎತ್ತು. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಕೂರಿಸಿ ಹಾಡುತ್ತಾರೆ. ಎತ್ತಿನ ಇಣಿಯನ್ನು ಹೆಬ್ಬೆರಳಿನಿಂದ ಎಳೆದು ತೆಗೆಯುವುದು, ಕೊಂಬನ್ನು ಬೇರೆ ಮಾಡಿ ನೀರು ಮುಟ್ಟಿಸಿ ಅಂಟಿಸುವುದು, ಒಣಗಿದಾಗ ಬಿರುಕು ಬಿಟ್ಟರೆ ಯಾಕೆ ಬಿಟ್ಟಿತೆಂದು ತಿಳಿಯುವುದು: ಇದೆಲ್ಲ ಮನೆಯಲ್ಲೇ ಆಗುತ್ತಿದ್ದ ಕಲಿಕೆ. ಈಗ ಪೇಟೆಗಳಲ್ಲಿ ಎತ್ತನ್ನು ಅಂಗಡಿಯಿಂದ ತರುತ್ತೇವೆ. ಶಾಲೆ ಆ ಕೈಗೆಲಸವನ್ನು ಮತ್ತೆ ಮಗುವಿಗೆ ದಕ್ಕಿಸಿಕೊಟ್ಟರೆ ಮುಂದಿನ ಪಾಠಗಳಿಗೆಲ್ಲ ಅದೇ ತಳಹದಿ.

ಮಣ್ಣಿನ ಎತ್ತು ಕೂಡಿಸುತ್ತ ಹೋಗುವ ಶಿಲ್ಪ. ಅದರ ಮರುದಿನ ಅದೇ ಮಕ್ಕಳಿಗೆ ಒಂದೊಂದು ಬಟ್ಟೆ ಸಾಬೂನಿನ ಬಾರು ಕೊಡಿ. ಇಲ್ಲಿ ಕೂಡಿಸುವಂತಿಲ್ಲ, ತೆಗೆಯುತ್ತಲೇ ಹೋಗಬೇಕು. ತೆಗೆದದ್ದು ಮತ್ತೆ ಬಾರದು. ಚಾಕು ಬೇಡ, ಚಮಚದ ಹಿಡಿ, ಐಸ್‌ಕ್ರೀಮ್ ಕಡ್ಡಿ ಸಾಕು. ನಿಯಮ ಒಂದೇ: ಇಬ್ಬರು ಮನುಷ್ಯರು ತಬ್ಬಿಕೊಂಡಿರಬೇಕು, ಆದರೆ ಸಾಬೂನು ಸಾಬೂನಿನ ಆಕಾರದಲ್ಲೇ ಉಳಿಯಬೇಕು. ಮಕ್ಕಳು ಮೊದಲು ತೋಳುಗಳನ್ನು ಬಿಡಿಸಹೋಗಿ ಮುರಿಯುತ್ತಾರೆ. ಆಮೇಲೆ ತೋಳನ್ನು ದೇಹಕ್ಕೆ ಅಂಟಿಸಿ ಚಪ್ಪಟೆ ಮಾಡುತ್ತಾರೆ, ಎರಡು ಮುಖಗಳ ನಡುವೆ ಒಂದು ಗೆರೆ ಎಳೆಯುತ್ತಾರೆ, ಎರಡು ಕಣ್ಣು ಸೇರಿ ಒಂದಾಗುತ್ತವೆ. ಹೀಗೆ ಮಾಡಿ ಮುಗಿಸಿದ ಮಗುವಿಗೆ ಕಾನ್‌ಸ್ಟಾಂಟಿನ್ ಬ್ರಾಂಕೂಸಿಯ 'ಮುತ್ತು' ಶಿಲ್ಪವನ್ನು ತೋರಿಸಿದರೆ ವಿವರಣೆಯೇ ಬೇಡ. ಅದು ತನ್ನ ಸಾಬೂನನ್ನೂ ಆ ಚಿತ್ರವನ್ನೂ ಒಂದು ಬಾರಿ ನೋಡಿ ನಗುತ್ತದೆ.

ಬ್ರಾಂಕೂಸಿ ರೊಮೇನಿಯಾದ ಹಳ್ಳಿಯಿಂದ ಪ್ಯಾರಿಸ್‌ಗೆ ಬಂದವರು. 1907ರಲ್ಲಿ ರೋಡಾನ್‌ರ ಕಾರ್ಯಶಾಲೆ ಸೇರಿ ಸ್ವಲ್ಪ ಕಾಲದಲ್ಲೇ ಬಿಟ್ಟುಬಂದರು. ರೋಡಾನ್ ಆ ಕಾಲದ ಮಹಾಶಿಲ್ಪಿ. ಅವರು ಮಣ್ಣಿನಲ್ಲಿ ಮಾಡುತ್ತಿದ್ದರು, ಅದನ್ನು ಅಳತೆ ತೆಗೆದು ಅಮೃತಶಿಲೆಗೆ ಇಳಿಸುತ್ತಿದ್ದವರು ಸಹಾಯಕರು. ಬ್ರಾಂಕೂಸಿ ನೇರವಾಗಿ ಕಲ್ಲಿಗೇ ಉಳಿ ಹಿಡಿದರು. ಕಲ್ಲು ಕಲ್ಲಾಗಿಯೇ ಕಾಣಬೇಕೆಂಬ ಈ ಹಟ ಮುಂದೆ ಇಂಗ್ಲೆಂಡಿನ ಹೆನ್ರಿ ಮೂರ್, ಬಾರ್ಬರಾ ಹೆಪ್‌ವರ್ತ್ ಮುಂತಾದವರ ಕೈಯಲ್ಲಿ ಬೆಳೆಯಿತು.

ಇದೇ ಪಾಠವನ್ನು ನಮ್ಮ ನೆಲದಲ್ಲಿ ಇನ್ನೂ ಚೆನ್ನಾಗಿ ತೋರಿಸಬಹುದು. ಬೇಲೂರಿನ ಮದನಿಕೆಯ ಬೆರಳು, ಉಗುರು, ಆಭರಣದ ಮಣಿ ಒಂದೊಂದೂ ಬಿಡಿಸಿಟ್ಟಂತೆ ಕಾಣುತ್ತವೆ. ಹಂಪಿಯ ಉಗ್ರನರಸಿಂಹ ಗುಡ್ಡದಂತೆ ಕೂತಿದ್ದಾನೆ. ಹೊಯ್ಸಳರು ಕಡಿದದ್ದು ಮೆತ್ತನೆಯ ಬಳಪದ ಕಲ್ಲು, ವಿಜಯನಗರದವರು ಕಡಿದದ್ದು ಗಡಸು ಕಣಶಿಲೆ. ರಾಜ, ಧರ್ಮ, ಕಾಲ ಎಲ್ಲದರ ಜೊತೆಗೆ ಕಲ್ಲೂ ಶೈಲಿಯನ್ನು ತೀರ್ಮಾನಿಸುತ್ತದೆ. ಪ್ರವಾಸಕ್ಕೆ ಹೋದಾಗ ಮಕ್ಕಳಿಗೆ ಗೈಡು ಹೇಳುವ ರಾಜರ ಇಸವಿಗಳ ಪಟ್ಟಿ ಬರೆಸುವ ಬದಲು ಹೋಗುವ ಮೊದಲೇ ಒಂದು ಸಾಬೂನು, ಒಂದು ಇಟ್ಟಿಗೆ ತುಂಡು ಕೆತ್ತಿಸಿ ಕರೆದೊಯ್ಯಿರಿ. ಅವರು ಬೇಲೂರನ್ನೂ ಹಂಪಿಯನ್ನೂ ನೋಡುವ ಬಗೆಯೇ ಬೇರೆ.

ಬ್ರಾಂಕೂಸಿಯ ವಿಷಯದಲ್ಲಿ ಇನ್ನೊಂದು ಪಾಠವಿದೆ, ಅದು ಏಳು ಎಂಟನೆಯ ತರಗತಿಗೆ ಹೇಳಿ ಮಾಡಿಸಿದಂಥದು. 1926ರಲ್ಲಿ ಅವರ 'ಆಕಾಶದಲ್ಲಿ ಹಕ್ಕಿ' ಎಂಬ ಕಂಚಿನ ಶಿಲ್ಪ ಹಡಗಿನಲ್ಲಿ ನ್ಯೂಯಾರ್ಕಿಗೆ ಹೋಯಿತು. ಕಲಾಕೃತಿಗೆ ಸುಂಕವಿರಲಿಲ್ಲ. ಆದರೆ ಸುಂಕದ ಅಧಿಕಾರಿಗಳು ನೋಡಿದರೆ ಅಲ್ಲಿ ರೆಕ್ಕೆಯಿಲ್ಲ, ಕೊಕ್ಕಿಲ್ಲ, ಪುಕ್ಕವಿಲ್ಲ. ನೀಳವಾಗಿ ಮೇಲೆದ್ದ ಹೊಳೆಯುವ ಲೋಹ ಮಾತ್ರ. ಅಡುಗೆ ಪಾತ್ರೆ, ಆಸ್ಪತ್ರೆ ಸಾಮಾನುಗಳ ಪಟ್ಟಿಗೆ ಸೇರಿಸಿ ಶೇಕಡ 40ರಷ್ಟು ಸುಂಕ ಹಾಕಿದರು. ಮೊಕದ್ದಮೆ ನಡೆಯಿತು. ಇದು ಹಕ್ಕಿ ಎಂದು ಹೇಗೆ ಹೇಳುತ್ತೀರಿ, ಕಾಡಿನಲ್ಲಿ ಕಂಡಿದ್ದರೆ ಗುಂಡು ಹಾರಿಸುತ್ತಿದ್ದಿರಾ ಎಂಬಂಥ ಪ್ರಶ್ನೆಗಳೂ ಬಂದವು. 1928ರಲ್ಲಿ ನ್ಯಾಯಾಲಯ ಇದು ಕಲಾಕೃತಿಯೇ ಎಂದು ತೀರ್ಪಿತ್ತಿತು. ಪ್ರಕೃತಿಯಲ್ಲಿರುವುದನ್ನು ಹೋಲದಿದ್ದರೂ ಶಿಲ್ಪ ಶಿಲ್ಪವೇ ಎಂದು ಕಾನೂನು ಒಪ್ಪಿಕೊಂಡ ದಿನ ಅದು.

ಮಕ್ಕಳಿಗೆ ಮೊದಲು ಕೆಲಸ ಕೊಡಿ: ಮಣ್ಣಿನಲ್ಲಿ ಹಕ್ಕಿ ಮಾಡಬೇಕು, ರೆಕ್ಕೆ ಕೊಕ್ಕು ಇರಬಾರದು, ಹಾರುವುದು ಕಾಣಬೇಕು. ಅರ್ಧ ಒಣಗಿದ ಮೇಲೆ ಚಮಚದ ಬೆನ್ನಿನಿಂದ ಉಜ್ಜಿ ಹೊಳಪು ತರಿಸಿ. ಆಮೇಲೆ ತರಗತಿಯಲ್ಲೇ ನ್ಯಾಯಾಲಯ ನಡೆಸಿ. ಒಂದು ಗುಂಪು ಸುಂಕದವರು, ಒಂದು ಗುಂಪು ಶಿಲ್ಪಿಯ ಪರ ವಕೀಲರು, ಸಾಕ್ಷಿಗಳು, ನ್ಯಾಯಾಧೀಶರು. ಅಮೂರ್ತ ಕಲೆ ಎಂದರೇನು ಎಂಬ ಬಗ್ಗೆ ನಾನು ಕೇಳಿರುವ ಅತ್ಯಂತ ಗಂಭೀರ ಚರ್ಚೆಗಳು ಇಂಥ ತರಗತಿಗಳಲ್ಲೇ ನಡೆದಿವೆ. ಚರ್ಚೆ ಮುಗಿದ ಮೇಲೆ ಇನ್ನೊಂದು ಸಂಗತಿ ಹೇಳಬಹುದು. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಈ ಹಕ್ಕಿಗಳಲ್ಲಿ ಮೂರನ್ನು ಕೊಂಡಿದ್ದರು, ಅವುಗಳಿಗಾಗಿ ಒಂದು ಮಂದಿರ ಕಟ್ಟಿಸುವ ಯೋಜನೆಯೂ ಇತ್ತು. ಅದಕ್ಕಾಗಿ ಬ್ರಾಂಕೂಸಿ ಇಂದೋರಿಗೇ ಬಂದು ಹೋದರು. ಮಂದಿರ ಆಗಲಿಲ್ಲ.

ಈಗ ಪಿಕಾಸೊಗೆ ಬರೋಣ. ಕ್ಯೂಬಿಸಂ ಕಲಿಸಲು ಮುಖದ ಚಿತ್ರಕ್ಕಿಂತ ಒಳ್ಳೆಯ ದಾರಿ 1912ರಲ್ಲಿ ಪಿಕಾಸೊ ಮಾಡಿದ 'ಗಿಟಾರ್'. ರಟ್ಟು, ದಾರ, ತಂತಿ, ಅಂಟು ಇಷ್ಟೇ ಸಾಮಗ್ರಿ. 1914ರಲ್ಲಿ ಅದನ್ನೇ ತಗಡಿನಲ್ಲಿ ಮಾಡಿದರು. ಅದುವರೆಗೆ ಶಿಲ್ಪವೆಂದರೆ ಕಡಿಯುವುದು ಇಲ್ಲವೇ ಕೂಡಿಸಿ ಎರಕ ಹೊಯ್ಯುವುದು. ಇಲ್ಲಿ ಪಿಕಾಸೊ ಹಾಳೆಗಳನ್ನು ಕತ್ತರಿಸಿ ಜೋಡಿಸಿದರು. ಗಿಟಾರಿನ ಹೊಟ್ಟೆ ತೆರೆದಿದೆ, ಒಳಗಿನ ಗಾಳಿಯೇ ಅದರ ದೇಹ. ದನಿ ಹೊರಡುವ ತೂತು ಒಳಕ್ಕೆ ಹೋಗುವ ಬದಲು ಕೊಳವೆಯಾಗಿ ಮುಂದಕ್ಕೆ ಚಾಚಿದೆ. ಈ ಉಪಾಯ ಎಲ್ಲಿಂದ ಬಂತು? ಪಿಕಾಸೊ ಬಳಿ ಪಶ್ಚಿಮ ಆಫ್ರಿಕಾದ ಗ್ರೆಬೊ ಜನರ ಮುಖವಾಡವಿತ್ತು. ಅದರಲ್ಲಿ ಕಣ್ಣುಗಳು ಗುಳಿಯಾಗಿರದೆ ಕೊಳವೆಗಳಾಗಿ ಹೊರಚಾಚಿರುತ್ತವೆ. ಇದನ್ನು ಮಕ್ಕಳಿಗೆ ತಪ್ಪದೆ ಹೇಳಬೇಕು. ಯುರೋಪಿನ ಹೊಸ ಕಲೆ ಆಫ್ರಿಕಾದ ಹೆಸರಿಲ್ಲದ ಶಿಲ್ಪಿಗಳಿಗೆ ಋಣಿಯಾಗಿದೆ. ಆ ಋಣವನ್ನು ಮರೆಸಿ ಪಿಕಾಸೊನನ್ನು ಒಬ್ಬಂಟಿ ಮೇಧಾವಿಯಾಗಿ ನಿಲ್ಲಿಸುವುದು ಸುಳ್ಳು ಪಾಠ.

ತರಗತಿಯಲ್ಲಿ ಗಿಟಾರೇ ಆಗಬೇಕಿಲ್ಲ. ತಂಬೂರಿ, ಏಕತಾರಿ, ಡೊಳ್ಳು, ಮನೆಯ ಮಿಕ್ಸರ್, ಯಾವುದಾದರೂ ಆಗಲಿ. ಟೊಳ್ಳಿರುವ ವಸ್ತು ಆಗಿದ್ದರೆ ಸಾಕು. ಮೊದಲು ಅದನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ರಟ್ಟಿನಲ್ಲಿ ಮೂರು ಆಕಾರ ಕತ್ತರಿಸಲಿ. ಆಮೇಲೆ ಆ ಮೂರನ್ನೂ ಒಂದೇ ಕಡೆ ಸೇರಿಸಬೇಕು. ನಿಯಮ: ಡಬ್ಬದಂತೆ ಮುಚ್ಚಬಾರದು, ಒಳಗಿನದು ಕಾಣಬೇಕು. ಇಲ್ಲಿ ಮಗುವಿಗೆ ನಿಜವಾದ ತೊಡಕು ಎದುರಾಗುತ್ತದೆ. ಮೂರು ನೋಟ ಒಟ್ಟಿಗೆ ಒಂದೇ ಜಾಗದಲ್ಲಿ ಹೊಂದುವುದಿಲ್ಲ. ಒಂದನ್ನು ಓರೆ ಮಾಡಬೇಕು, ಒಂದನ್ನು ಕತ್ತರಿಸಬೇಕು, ಒಂದರೊಳಗೆ ಇನ್ನೊಂದನ್ನು ತೂರಿಸಬೇಕು. ಕಣ್ಣು ಮೇಲೆ ಮೂಗು ಪಕ್ಕಕ್ಕೆ ಯಾಕೆ ಹೋಯಿತೆಂದು ಅವರಿಗೆ ಆಗ ತಾವಾಗಿಯೇ ತಿಳಿಯುತ್ತದೆ.

ರಷ್ಯಾದ ಕಲಾವಿದ ಟಾಟ್ಲಿನ್ ಪ್ಯಾರಿಸ್ಸಿನಲ್ಲಿ ಪಿಕಾಸೊ ಕಾರ್ಯಶಾಲೆಗೆ ಹೋಗಿ ಈ ಗಿಟಾರಿನಂಥ ಕೃತಿಗಳನ್ನು ನೋಡಿದರು. ಊರಿಗೆ ಮರಳಿ ತಗಡು, ಮರ, ಹಗ್ಗಗಳಿಂದ ಗೋಡೆಯ ಮೂಲೆಯಲ್ಲಿ ತೂಗುಹಾಕುವ ಶಿಲ್ಪ ಮಾಡಿದರು. ಕ್ರಾಂತಿಯ ನಂತರ ಅವರು ಯೋಜಿಸಿದ ಮೂರನೆಯ ಇಂಟರ್‌ನ್ಯಾಷನಲ್ (ಕಮ್ಯುನಿಸ್ಟ್ ಪಕ್ಷಗಳ ಜಾಗತಿಕ ಒಕ್ಕೂಟ) ಸ್ಮಾರಕದ ಎತ್ತರ 400 ಮೀಟರ್ ಆಗಬೇಕಿತ್ತು, ಐಫೆಲ್ ಗೋಪುರಕ್ಕಿಂತ ಹೆಚ್ಚು. ಓರೆಯಾಗಿ ಸುರುಳಿ ಸುತ್ತಿದ ಚೌಕಟ್ಟಿನ ಒಳಗೆ ಕೋಣೆಗಳು ತಿರುಗಬೇಕು: ಕೆಳಗಿನದು ವರ್ಷಕ್ಕೊಂದು ಸುತ್ತು, ಅದರ ಮೇಲಿನದು ತಿಂಗಳಿಗೊಂದು, ಅದಕ್ಕೂ ಮೇಲಿನದು ದಿನಕ್ಕೊಂದು. 1920ರಲ್ಲಿ ಅದರ ಮಾದರಿಯನ್ನು ಪ್ರದರ್ಶಿಸಿದರು. ಗೋಪುರ ಕಟ್ಟಲೇ ಇಲ್ಲ. ಈ ದಾರಿಯಲ್ಲಿ ಬೆಳೆದ ಕನ್‌ಸ್ಟ್ರಕ್ಟಿವಿಸಂ ಕಲಿಸಲು ಬೇಕಾದದ್ದು ಊದುಬತ್ತಿಯ ಕಡ್ಡಿ, ಸುತ್ತಿದ ಪತ್ರಿಕೆಯ ಕೊಳವೆ, ದಾರ. ಐದು ಮಕ್ಕಳ ಗುಂಪು ತಮ್ಮೆಲ್ಲರಿಗಿಂತ ಎತ್ತರದ, ಓರೆಯಾಗಿ ನಿಲ್ಲುವ ಗೋಪುರ ಕಟ್ಟಬೇಕು. ಚೌಕ ಕುಸಿಯುತ್ತದೆ, ತ್ರಿಕೋನ ನಿಲ್ಲುತ್ತದೆ ಎಂಬುದನ್ನು ಅವರು ಮೊದಲ ಅರ್ಧ ಗಂಟೆಯಲ್ಲೇ ಕಂಡುಕೊಳ್ಳುತ್ತಾರೆ. ಗಣಿತದ ಶಿಕ್ಷಕರನ್ನು ಆ ದಿನ ಕರೆದುಕೊಳ್ಳಿ. ಕಲಾವಿದ ಎಂಜಿನಿಯರ್ ಆಗಬೇಕು, ಒಬ್ಬನೇ ಕೂತು ಮಾಡದೆ ಎಲ್ಲರೊಂದಿಗೆ ಮಾಡಬೇಕು ಎಂಬುದು ಆ ಪಂಥದ ನಂಬಿಕೆ. ಗುಂಪಿನಲ್ಲಿ ಜಗಳವಾಡಿ ಕಟ್ಟಿದ ಮಕ್ಕಳಿಗೆ ಅದನ್ನು ಭಾಷಣ ಮಾಡಿ ಹೇಳಬೇಕಾಗಿಲ್ಲ.

ಇಟಲಿಯ ಫ್ಯೂಚರಿಸಂ ಬಗ್ಗೆ ಒಂದೇ ಮಾತು. ಬೊಚ್ಚೋನಿಯ 1913ರ ನಡೆಯುವ ಮನುಷ್ಯನ ಶಿಲ್ಪ ಅದ್ಭುತವಾದದ್ದು, ಗಾಳಿಯೇ ಮೈಗೆ ಮೆತ್ತಿಕೊಂಡಂತಿದೆ. ಆದರೆ 1909ರ ಫ್ಯೂಚರಿಸ್ಟ್ ಪ್ರಣಾಳಿಕೆ ಯುದ್ಧವನ್ನು ಹೊಗಳಿತು. ಬೊಚ್ಚೋನಿ 1916ರಲ್ಲಿ ಸೈನ್ಯದ ತರಬೇತಿಯಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡರು. ಎರಡನ್ನೂ ಒಟ್ಟಿಗೆ ಹೇಳಲು ಸಿದ್ಧರಿದ್ದರೆ ಮಾತ್ರ ಈ ಪಾಠ ಎತ್ತಿಕೊಳ್ಳಿ, ಅದೂ ಪ್ರೌಢಶಾಲೆಯಲ್ಲಿ.

ಚಲನೆಯನ್ನು ಕಲಿಸಲು ನನಗೆ ಹೆಚ್ಚು ಪ್ರಿಯವಾದವರು ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಪ್ಯಾರಿಸ್ಸಿನಲ್ಲಿ ತಂತಿ, ಬಿರಡೆ, ಬಟ್ಟೆ ಚೂರುಗಳಿಂದ ಪುಟ್ಟ ಸರ್ಕಸ್ ಕಂಪನಿಯನ್ನೇ ಮಾಡಿ, ನೆಲದ ಮೇಲೆ ಕೂತು ತಾವೇ ಆಡಿಸಿ ತೋರಿಸುತ್ತಿದ್ದರು. 1930ರಲ್ಲಿ ಚಿತ್ರಕಾರ ಮಾಂಡ್ರಿಯಾನ್‌ರ ಕಾರ್ಯಶಾಲೆಯಲ್ಲಿ ಗೋಡೆಗೆ ಚುಚ್ಚಿದ್ದ ಬಣ್ಣದ ಚೌಕಗಳನ್ನು ಕಂಡು, ಇವು ಚಲಿಸಿದರೆ ಹೇಗಿರುತ್ತದೆ ಎಂದು ಯೋಚಿಸಿದರು. ಗಾಳಿಗೆ ತೂಗುವ ಅವರ 'ಮೊಬೈಲ್'ಗಳು ಅಲ್ಲಿಂದ ಹುಟ್ಟಿದವು. 1955ರಲ್ಲಿ ಗೀರಾ ಸಾರಾಭಾಯಿ ಅವರ ಆಹ್ವಾನದ ಮೇಲೆ ಅಹಮದಾಬಾದಿಗೆ ಬಂದು ಅಲ್ಲೇ ಶಿಲ್ಪಗಳನ್ನು ಮಾಡಿಕೊಟ್ಟರು.

ಮೊಬೈಲ್ ಕಟ್ಟುವಾಗ ಮಕ್ಕಳೆಲ್ಲ ಮೇಲಿನ ಕಡ್ಡಿಯಿಂದ ಶುರುಮಾಡುತ್ತಾರೆ, ಎರಡನೆಯ ಹಂತಕ್ಕೇ ಎಲ್ಲ ವಾಲಿಬಿಡುತ್ತದೆ. ಕೆಳಗಿನಿಂದ ಮೇಲಕ್ಕೆ ಕಟ್ಟಬೇಕು. ಕಟ್ಟಕಡೆಯ ಕಡ್ಡಿಗೆ ಎರಡು ಆಕಾರ ತೂಗುಹಾಕಿ, ಬೆರಳಿನ ಮೇಲಿಟ್ಟು ಸಮತೋಲದ ಬಿಂದು ಹುಡುಕಿ, ಅಲ್ಲಿ ದಾರ ಕಟ್ಟಿ, ಆ ಇಡೀ ಕಡ್ಡಿಯನ್ನು ಮೇಲಿನ ಕಡ್ಡಿಯ ಒಂದು ತುದಿಗೆ ಭಾರವಾಗಿ ಬಳಸಬೇಕು. ಹಗುರ ಎಲೆಯೊಂದು ದೂರದಲ್ಲಿದ್ದರೆ ಹತ್ತಿರದ ಭಾರದ ಕಲ್ಲನ್ನು ತೂಗಬಲ್ಲದು. ಸನ್ನೆಕೋಲಿನ ಪಾಠ ವಿಜ್ಞಾನ ಪುಸ್ತಕದಲ್ಲಿದೆ. ಇಲ್ಲಿ ಅದು ಸೌಂದರ್ಯವಾಗುತ್ತದೆ.

ಇನ್ನು ನಮ್ಮ ಶಾಲೆಗಳಲ್ಲಿ ಬಹಳ ಜನಪ್ರಿಯವಾದ 'ಕಸದಿಂದ ರಸ' ಸ್ಪರ್ಧೆಗಳ ಬಗ್ಗೆ. ಬಾಟಲಿಗೆ ಬಂಗಾರದ ಬಣ್ಣ ಬಳಿದು ಹೂದಾನಿ ಮಾಡುತ್ತೇವೆ, ತೆಂಗಿನ ಚಿಪ್ಪಿಗೆ ಮಿಣುಕು ಅಂಟಿಸುತ್ತೇವೆ. ಕಸ ಕಸವೆಂದು ಗೊತ್ತಾಗದಂತೆ ಮುಚ್ಚಿದವರಿಗೆ ಬಹುಮಾನ. 1942ರಲ್ಲಿ ಪಿಕಾಸೊ ಸೈಕಲ್ಲಿನ ಸೀಟು ಮತ್ತು ಹ್ಯಾಂಡಲ್ ಎರಡನ್ನೇ ಜೋಡಿಸಿ 'ಗೂಳಿಯ ತಲೆ' ಮಾಡಿದಾಗ ಏನನ್ನೂ ಮುಚ್ಚಲಿಲ್ಲ. ಸೀಟು ಸೀಟೇ, ಹ್ಯಾಂಡಲ್ ಹ್ಯಾಂಡಲೇ, ಆದರೂ ಅದು ಗೂಳಿ. ಎರಡೂ ಏಕಕಾಲಕ್ಕೆ ಕಾಣುವುದರಲ್ಲೇ ಅದರ ಶಕ್ತಿ. 1936ರಲ್ಲಿ ಕಲಾವಿದೆ ಮೆರೆಟ್ ಒಪನ್‌ಹೈಮ್ ಚಹಾದ ಕಪ್ಪು, ಬಸಿ, ಚಮಚಗಳಿಗೆ ತುಪ್ಪಳ ಹೊದಿಸಿದರು. ಅದನ್ನು ಕಂಡ ಮಗು ತುಟಿ ಒರೆಸಿಕೊಳ್ಳುತ್ತದೆ. ಸರ್ರಿಯಲಿಸಂ ಅಂದರೆ ಏನೆಂದು ತುಟಿಗೇ ತಿಳಿದುಹೋಯಿತು.

ನಮ್ಮ ಭದ್ರಾವತಿಯಲ್ಲಿ ಹುಟ್ಟಿದ, ಬೆಂಗಳೂರಿನ ಶೀಲಾ ಗೌಡ ಇಂದು ಲೋಕಪ್ರಸಿದ್ಧ ಕಲಾವಿದೆ. ಅವರು ಸಗಣಿ, ಕುಂಕುಮ, ದಾರ, ಸೂಜಿ, ಕೂದಲಿನ ಹಗ್ಗ, ರಸ್ತೆ ಕೆಲಸದ ಡಾಂಬರು ಡ್ರಮ್ಮುಗಳಿಂದ ಕಲೆ ಮಾಡಿದ್ದಾರೆ. 2019ರಲ್ಲಿ ಮಿಲಾನಿನಲ್ಲಿ ಅವರ ಕೃತಿಗಳ ದೊಡ್ಡ ಪ್ರದರ್ಶನ ನಡೆಯಿತು. ಆ ಡ್ರಮ್ಮುಗಳನ್ನು ರಸ್ತೆ ಕೂಲಿಕಾರರು ಬಿಡಿಸಿ ಚಪ್ಪಟೆ ಮಾಡಿ ಗುಡಿಸಲು ಕಟ್ಟಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಶೀಲಾ ಗೌಡರ ಕೃತಿಯಲ್ಲಿ ಆ ಬದುಕಿನ ಗುರುತು ಅಳಿಸಿಲ್ಲ. ಕಸದಿಂದ ರಸ ಸ್ಪರ್ಧೆಯನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ನಿಯಮ ಒಂದನ್ನು ಬದಲಿಸಿ: ಬಣ್ಣ ಬಳಿಯಬಾರದು, ವಸ್ತು ತನ್ನ ಹಳೆಯ ಬದುಕನ್ನು ಹೇಳುತ್ತಲೇ ಇರಬೇಕು. ಗುಜರಿ ಅಂಗಡಿಗೆ ಮಕ್ಕಳನ್ನೇ ಕರೆದೊಯ್ದು ತಲಾ ಎರಡು ವಸ್ತು ಆರಿಸಿಕೊಳ್ಳಲು ಹೇಳಿ.

ಹಾಗೆಯೇ ಭಾರತದ ಆಧುನಿಕ ಶಿಲ್ಪವನ್ನು ಬಿಟ್ಟು ಈ ಪಾಠ ಪೂರ್ಣವಾಗದು. 1938ರಲ್ಲಿ ಶಾಂತಿನಿಕೇತನದ ಬಯಲಿನಲ್ಲಿ ರಾಮ್‌ಕಿಂಕರ್ ಬೈಜ್ 'ಸಂಥಾಲ್ ಕುಟುಂಬ' ನಿಲ್ಲಿಸಿದರು. ಕಂಚಿಗೆ ಹಣವಿಲ್ಲದ ಕಾಲ. ಕಬ್ಬಿಣದ ಅಸ್ಥಿಪಂಜರದ ಮೇಲೆ ಸಿಮೆಂಟು ಮತ್ತು ಆ ನೆಲದ ಜಂಬಿಟ್ಟಿಗೆಯ ಹರಳು ಬೆರೆಸಿ ಮೆತ್ತಿದರು. ಮೈ ಒರಟು. ಗಂಡು, ಹೆಣ್ಣು, ಮಕ್ಕಳು, ನಾಯಿ ಎಲ್ಲರೂ ಹೊರಟು ನಡೆಯುತ್ತಿದ್ದಾರೆ. ಅರಸನಲ್ಲ, ದೇವರಲ್ಲ, ಕೆಲಸ ಹುಡುಕಿ ಹೊರಟ ಕುಟುಂಬ. ನಮ್ಮ ಕರಾವಳಿಯ ಶಾಲೆಗಳ ಗೋಡೆಗಳೇ ಜಂಬಿಟ್ಟಿಗೆಯವು. ಮಕ್ಕಳ ಕೈಗೆ ಸಿಮೆಂಟು ಕೊಡಬಾರದು, ಚರ್ಮ ಸುಡುತ್ತದೆ. ಕಾಗದದ ತಿರುಳಿಗೆ ಕೆಮ್ಮಣ್ಣು, ಮೆಂತ್ಯದ ಅಂಟು ಬೆರೆಸಿ ತಂತಿಯ ಚೌಕಟ್ಟಿನ ಮೇಲೆ ಮೆತ್ತಿಸಿ. ವಿಷಯ: ನಿಮ್ಮ ಊರಿನಲ್ಲಿ ದಿನವೂ ನಡೆದು ಹೋಗುವವರು ಯಾರು? ಪ್ಲಾಸ್ಟರ್ ಆಫ್ ಪ್ಯಾರಿಸ್ ಕೂಡ ಬೇಡ. ಗಟ್ಟಿಯಾಗುವಾಗ ಅದು ಕಾಯುತ್ತದೆ, ಕೈ ಅದ್ದಿ ಹಿಡಿದರೆ ಸುಟ್ಟಗಾಯವಾಗುತ್ತದೆ.

ಶಿಲ್ಪವನ್ನೇ ಯಾಕೆ, ಚಿತ್ರ ಸಾಲದೇ ಎಂದು ಕೇಳುವವರಿಗೆ ವಿಯೆನ್ನಾದ ವಿಕ್ಟರ್ ಲೋವೆನ್‌ಫೆಲ್ಡ್ ಉತ್ತರ ಕೊಟ್ಟಿದ್ದಾರೆ. ಅವರು ಹೋಹೆ ವಾರ್ಟೆಯ ಅಂಧರ ಶಾಲೆಯಲ್ಲಿ ಮಕ್ಕಳಿಂದ ಮಣ್ಣಿನ ಶಿಲ್ಪ ಮಾಡಿಸಿದರು. ಕಣ್ಣಿನಿಂದ ಲೋಕವನ್ನು ಅರಿಯುವವರು ಇರುವಂತೆ ಮೈಯಿಂದ, ಸ್ಪರ್ಶದಿಂದ ಅರಿಯುವವರೂ ಇದ್ದಾರೆ. ಕಣ್ಣಿರುವವರಲ್ಲೂ ಅಂಥವರಿದ್ದಾರೆ ಎಂಬುದು ಅವರ ಕಾಣ್ಕೆ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಅಮೆರಿಕ ಸೇರಿ 1947ರಲ್ಲಿ ಅವರು ಪ್ರಕಟಿಸಿದ ಗ್ರಂಥವನ್ನು ಇಂದಿಗೂ ಕಲಾಶಿಕ್ಷಕರು ಓದುತ್ತಾರೆ. ನಮ್ಮ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ 1950ರ ದಶಕದಲ್ಲಿ ದೃಷ್ಟಿ ಕಳೆದುಕೊಂಡ ಮೇಲೂ ಕಾಗದ ಕತ್ತರಿಸಿ, ಮೇಣದಲ್ಲಿ ರೂಪ ತೀಡಿ ಕೆಲಸ ಮುಂದುವರಿಸಿದರು. ಚಿತ್ರ ಬರೆಯಲು ಬಾರದು ಎಂದು ಹಿಂದಿನ ಬೆಂಚಿನಲ್ಲಿ ಕೂತ ಮಕ್ಕಳ ಕೈಯಿಂದ ಎಂಥ ಶಿಲ್ಪ ಹೊರಟಿದೆ ಎಂಬುದನ್ನು ನಾನು ಕಂಡಿದ್ದೇನೆ. ಅವರನ್ನು ನಾವು ಕಾಗದದ ಮೇಲಷ್ಟೇ ಅಳೆದು ಕೈಬಿಟ್ಟಿರುತ್ತೇವೆ.

ಪ್ರತಿಭಾ ಕಾರಂಜಿಯಲ್ಲಿ ಮಣ್ಣಿನ ಮಾದರಿ ಸ್ಪರ್ಧೆ ಇದೆ, ಅದು ಸಂತೋಷವೇ. ಆದರೆ ಅಲ್ಲಿ ಗೆಲ್ಲುವುದಕ್ಕೆಂದು ವರ್ಷವಿಡೀ ಒಂದೇ ಗಣಪತಿಯನ್ನು ತಿದ್ದಿಸುವುದು ಕಲಿಕೆಯಲ್ಲ. ಇಟಲಿಯ ಬ್ರೂನೊ ಮುನಾರಿ 1977ರಲ್ಲಿ ಮಿಲಾನಿನ ಬ್ರೆರಾ ಸಂಗ್ರಹಾಲಯದಲ್ಲಿ ಮಕ್ಕಳ ಕಾರ್ಯಾಗಾರ ತೆರೆದಾಗ, ಏನು ಮಾಡಬೇಕೆಂದು ಹೇಳದೆ ಹೇಗೆ ಮಾಡಬಹುದೆಂದು ಮಾತ್ರ ತೋರಿಸುವ ಕ್ರಮ ಹಿಡಿದರು. ಸೇವಾಗ್ರಾಮದಲ್ಲಿ 1944ರಿಂದ ಕಲೆ ಕಲಿಸಿದ ದೇವಿ ಪ್ರಸಾದ್ ಕಲೆಯೇ ಶಿಕ್ಷಣದ ಬುನಾದಿ ಎಂದು ವಾದಿಸಿದರು. ಪೋಷಕರೇ, ಮಗು ತಂದ ಕೆಲಸವನ್ನು ಮನೆಯಲ್ಲಿ ನೀವು ಮಾಡಿಕೊಡಬೇಡಿ. ಶಿಕ್ಷಕರೇ, ಅಂಕವನ್ನು ಶಿಲ್ಪದ ಅಂದಕ್ಕೆ ಕೊಡಬೇಡಿ. ಎಲ್ಲಿ ತೊಡಕಾಯಿತು, ಏನು ಬದಲಿಸಿದೆ ಎಂದು ಮಗು ಬಾಯಲ್ಲಿ ಹೇಳುವುದಕ್ಕೆ ಕೊಡಿ. ಮುರಿದುಬಿದ್ದ ಗೋಪುರಕ್ಕೂ ಪೂರ್ಣ ಅಂಕ ಸಿಗಬಹುದು.

ಮುಖ್ಯೋಪಾಧ್ಯಾಯರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಚಿತ್ರಕಲೆಗೆ ವಾರದಲ್ಲಿ ಎರಡು ಬಿಡಿ ಪೀರಿಯಡ್ ಕೊಡುತ್ತಿದ್ದರೆ ಅವನ್ನು ಜೋಡಿಸಿ ಒಂದೇ ದಿನ ಕೊಡಿ; ನಲವತ್ತು ನಿಮಿಷದಲ್ಲಿ ಮಣ್ಣು ಹದವಾಗುವುದೂ ಇಲ್ಲ, ಕೈ ತೊಳೆಯುವುದೂ ಮುಗಿಯುವುದಿಲ್ಲ. ಒದ್ದೆ ಗೋಣಿಚೀಲ ಮುಚ್ಚಿ ಮಣ್ಣಿಡಲು ಒಂದು ಮೂಲೆ, ಅರ್ಧ ಮುಗಿದ ಕೆಲಸ ಮುಂದಿನ ವಾರದವರೆಗೆ ಕಾಯಲು ಒಂದು ಕಪಾಟು ಕೊಡಿ. ಊರಿನ ಕುಂಬಾರರನ್ನು, ಹತ್ತಿರದಲ್ಲಿ ಕಲ್ಲು ಕಡಿಯುವ ಶಿಲ್ಪಿಗಳಿದ್ದರೆ ಅವರನ್ನು ವರ್ಷಕ್ಕೊಮ್ಮೆ ಗೌರವಧನ ಕೊಟ್ಟು ತರಗತಿಗೆ ಕರೆಸಿ. ಚಿತ್ರಕಲಾ ಶಿಕ್ಷಕ ಬಂಧುಗಳೇ, ಬರುವ ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರ ಕಿರಾಣಿ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಂದು ತರಗತಿಯಲ್ಲಿಡಿ, ಪಿಕಾಸೊ ಹೆಸರನ್ನು ಎತ್ತದೆ ಕೆಲಸ ಶುರುಮಾಡಿಸಿ.